ಎತ್ತಿದವರ ಪಾಲು

ನಮ್ಮೂರಿನಲ್ಲಿ ವಸ್ತುಗಳು ಭಾರ ಹಿಡಿಯುತ್ತವೆ. ಎಲ್ಲರಿಗೂ ಅಲ್ಲ, ಯಾರೋ ಒಬ್ಬರಿಗೆ. ಹಿಂದಿನ ಬೀದಿಯ ಕೆಂಪಮ್ಮನಿಗೆ ಲಟ್ಟಣಿಗೆ ಭಾರವಾಯಿತು. ನಾವೆಲ್ಲ ಎರಡು ಬೆರಳಿನಲ್ಲಿ ಎತ್ತುವ ಲಟ್ಟಣಿಗೆ ಅದು. ಅವಳು ಎರಡೂ ಕೈ ಹಾಕಿ, ಕಾಲೂರಿ ಎಳೆದರೂ ಮಣೆಯಿಂದ ಮಿಸುಕಲಿಲ್ಲ. ನೇಯ್ಗೆಯ ಮರಿಯಪ್ಪನಿಗೆ ಅವನ ಸೈಕಲ್ಲು ಭಾರವಾಯಿತು. ಶಾಲೆಯ ಮೇಷ್ಟ್ರೊಬ್ಬರಿಗೆ ಕನ್ನಡಕ ಭಾರವಾಗಿ, ಅವರು ಮೇಜಿನ ಮೇಲೆ ಬಗ್ಗಿ, ಇಟ್ಟಲ್ಲೇ ಇದ್ದ ಕನ್ನಡಕದೊಳಗೆ ಮೂಗು ತೂರಿಸಿಕೊಂಡು ಪಾಠ ಓದುತ್ತಿದ್ದರು. ಹೀಗೇಕೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಾವು ಅವರಿಗೆ ಊಟ ಹಾಕಿ ಕಳಿಸುತ್ತೇವೆ.

ಭಾರ ಹಿಡಿದರೆ ಏನು ಮಾಡಬೇಕೆಂಬುದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಹೊಸ್ತಿಲಿಗೆ ಬಂದು ನಿಂತು "ಕೈ ಕೊಡ್ರಪ್ಪೋ" ಎಂದು ಕೂಗಬೇಕು. ಹಾದಿಯಲ್ಲಿ ಹೋಗುವವರು ಯಾರಾದರೂ ಸರಿ, ಒಳಗೆ ಬಂದು ಎತ್ತಿಕೊಟ್ಟು ಹೋಗುತ್ತಾರೆ. ಆಗುವುದಿಲ್ಲ ಎನ್ನುವಂತಿಲ್ಲ, ಯಾಕೆ ಎಂದು ಕೇಳುವಂತಿಲ್ಲ. ಮದುವಣಿಗನೇ ಗಾಡಿಯಿಂದಿಳಿದು ಯಾರದೋ ಮನೆಯ ಒರಳುಗುಂಡು ಎತ್ತಿಟ್ಟು, ತನ್ನ ಧಾರೆಗೆ ತಡವಾಗಿ ಹೋದದ್ದುಂಟು. ಬೇರೆ ಊರಿನವರು ತಮ್ಮ ಕೆರೆ, ಕೋಟೆ ಎಂದೆಲ್ಲ ಹೇಳಿಕೊಳ್ಳುತ್ತಾರೆ. ನಮಗೆ ಹೇಳಿಕೊಳ್ಳಲು ಇದ್ದದ್ದು ಇದೊಂದೇ, ಹಾಗಾಗಿ ಸ್ವಲ್ಪ ಹೆಚ್ಚೇ ಹೇಳಿಕೊಳ್ಳುತ್ತಿದ್ದೆವು.

ಇದರ ಬೆನ್ನಿಗೇ ಇನ್ನೊಂದು ಕಟ್ಟಳೆ ಇದೆ. ಭಾರ ಹಿಡಿದ ವಸ್ತುವಿಗೆ ಮುಂದಿನ ಯುಗಾದಿಯೇ ಗಡುವು. ಅಷ್ಟರೊಳಗೆ ಸ್ವಂತದವರು ಎತ್ತಲಾಗದೆ ಹೋದರೆ, ಅದು ಹೆಚ್ಚು ಸಲ ಎತ್ತಿಕೊಟ್ಟವರಿಗೆ ಸೇರುತ್ತದೆ. ಇದಕ್ಕೆ ಎತ್ತಿದವರ ಪಾಲು ಎನ್ನುತ್ತಾರೆ. ಪಾಲು ಹೋದ ಮೇಲೆ ಹಳಬರು ಅದನ್ನು ಮುಟ್ಟುವಂತಿಲ್ಲ. ಮರಿಯಪ್ಪನ ಸೈಕಲ್ಲು ಹಾಗೆ ಹಾಲಿನ ಕರಿಗೌಡನ ಪಾಲಾಯಿತು. ಇವತ್ತಿಗೂ ಅದರ ಗಂಟೆ ಕೇಳಿದರೆ ಮರಿಯಪ್ಪ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಾನೆ. ಪಾಲು ಬೇಡ ಎನ್ನಬಹುದು, ಆದರೆ ಆಗ ಅದು ಅವರ ನಂತರ ಹೆಚ್ಚು ಎತ್ತಿದವರಿಗೆ ಹೋಗುತ್ತದೆಯೇ ಹೊರತು ವಾಪಸು ಬರುವುದಿಲ್ಲ. ಲಟ್ಟಣಿಗೆ, ಸೈಕಲ್ಲು, ಕನ್ನಡಕಗಳ ಮಟ್ಟಿಗೆ ಈ ಕಟ್ಟಳೆ ಯಾರಿಗೂ ಕೆಟ್ಟದೆನಿಸಿರಲಿಲ್ಲ.

ನನ್ನ ಹೆಸರು ಪುಟ್ಟೀರಮ್ಮ. ಗಂಡ ತೀರಿಕೊಂಡ ಮೇಲೆ ತವರಿನ ಮನೆಯ ಅರ್ಧ ಭಾಗಕ್ಕೆ ಬಂದು ಕೂತೆ. ಉಳಿದರ್ಧದಲ್ಲಿ ನನ್ನ ತಮ್ಮ ಬೋರೇಶ, ಅವನ ಹೆಂಡತಿ ದೇವೀರಿ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು, ಅದನ್ನು ಮುಚ್ಚಿದ್ದು ನಾನು ಕಂಡಿಲ್ಲ. ನನಗೆ ಮಕ್ಕಳಾಗಲಿಲ್ಲ. ಅದನ್ನು ಸುತ್ತಿ ಬಳಸಿ ಹೇಳುವವಳಲ್ಲ ನಾನು. ಬೇಕಿತ್ತು, ಆಗಲಿಲ್ಲ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ದೇವೀರಿ ಗಂಡುಮಗು ಹೆತ್ತಳು. ಚೆಲುವ ಎಂದು ಕರೆದರು, ಚೆಲುವನೇ ಆಗಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಾನು ಹೆತ್ತವಳಲ್ಲವಾದ್ದರಿಂದ ನನ್ನ ಮಾತು ನಂಬಬಹುದು. ಸೂಲಗಿತ್ತಿ ಮಗುವನ್ನು ಒರೆಸಿ ಅವಳ ಪಕ್ಕ ಮಲಗಿಸಿದಳು. ದೇವೀರಿ ಹೊರಳಿ, ಅವನ ಬೆನ್ನಿನ ಕೆಳಗೆ ಕೈ ತೂರಿಸಿದಳು. ಎತ್ತಲು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಕೈ ಈಚೆಗೆ ತೆಗೆದುಕೊಂಡು ನನ್ನ ಮುಖ ನೋಡಿದಳು. ಅಲ್ಲಿಯ ತನಕ ನಮ್ಮೂರಿನಲ್ಲಿ ಉಸಿರಾಡುವ ಯಾವುದೂ ಭಾರ ಹಿಡಿದದ್ದಿರಲಿಲ್ಲ.

"ಸುಸ್ತು ಕಣೆ, ಹೆರಿಗೆ ಸುಸ್ತು. ನಾಕು ದಿನ ಹೋಗ್ಲಿ" ಎಂದೆ. ಎಂದು, ಮಗುವನ್ನು ಎತ್ತಿಕೊಂಡೆ. ಹೂವಿನ ಹಾಗೆ ಬಂದ.

ದಿನಗಳು ಹೋದವು. ದೇವೀರಿ ಅವನ ಪಕ್ಕ ಮಲಗಿ ಹಾಲು ಕೊಡುತ್ತಿದ್ದಳು, ಮೈ ಒರೆಸುತ್ತಿದ್ದಳು, ಹಾಡುತ್ತಿದ್ದಳು. ಎತ್ತುವುದು ಮಾತ್ರ ಆಗುತ್ತಿರಲಿಲ್ಲ. ಅವನು ಅತ್ತರೆ ಅವಳು ಹೊಸ್ತಿಲಿಗೆ ಓಡಿ "ಕೈ ಕೊಡ್ರಪ್ಪೋ" ಎನ್ನುವ ಮೊದಲೇ ನಾನು ನಡುಬಾಗಿಲು ದಾಟಿರುತ್ತಿದ್ದೆ. ನಾನಿಲ್ಲದಿದ್ದರೆ ಎದುರುಮನೆಯ ಹೂವಿನ ಮಲ್ಲವ್ವ ಬರುತ್ತಿದ್ದಳು. ಬೋರೇಶ ಹಗಲೆಲ್ಲ ಹಿಟ್ಟಿನ ಗಿರಣಿಯಲ್ಲಿ. ಸಂಜೆ ಬಂದು ಮೈಮೇಲಿನ ಹಿಟ್ಟು ಕೊಡವಿ ಮಗನನ್ನು ಎತ್ತುವುದೇ ಅವನ ಪಾಲಿಗೆ ಬಂದದ್ದು. ಹೀಗೆ ಮಗು ನಮ್ಮ ಕೈಗಳ ಮೇಲೇ ಬೆಳೆಯಿತು. ದೇವೀರಿ ಬರಬರುತ್ತ ಮಾತು ಕಡಿಮೆ ಮಾಡಿದಳು. ಮೊದಲು ದಿನಾ ಒಮ್ಮೆ ಎತ್ತಲು ನೋಡುತ್ತಿದ್ದವಳು, ಆಮೇಲೆ ನೋಡುವುದನ್ನೂ ಬಿಟ್ಟಳು.

ಯಾರೂ ಬಾಯಿಬಿಟ್ಟು ಆಡದ ಮಾತೊಂದಿತ್ತು: ಯುಗಾದಿಗೆ ಚೆಲುವ ನನ್ನ ಪಾಲು. ಬೋರೇಶ ಒಮ್ಮೆ ಚಾವಡಿಯ ಯಜಮಾನರಾದ ಗುರುಪಾದಪ್ಪನವರನ್ನು ಕೇಳಿ ಬಂದ. "ಕೂಸಿಗೂ ಸೈಕಲ್ಲಿಗೂ ವ್ಯತ್ಯಾಸ ಇಲ್ವಾ?" ಎಂದನಂತೆ. "ಕಟ್ಟಳೆ ಮಾಡಿದೋರು ವ್ಯತ್ಯಾಸ ಬರ್ದಿಲ್ಲ ಕಣಪ್ಪ, ನಾನೆಲ್ಲಿಂದ ತರ್ಲಿ" ಎಂದರಂತೆ. ಭಾರ ಹಿಡಿದದ್ದು ಹೆತ್ತವಳಿಗಾದ್ದರಿಂದ ಸ್ವಂತದವಳು ಅವಳೊಬ್ಬಳೇ, ಅಪ್ಪ ಎತ್ತಿದ್ದು ಯಾವ ಲೆಕ್ಕಕ್ಕೂ ಇಲ್ಲ ಎಂದೂ ಹೇಳಿದರಂತೆ. ನಾನು ಒಲ್ಲೆ ಎಂದರೆ ಮಲ್ಲವ್ವನಿಗೆ ಹೋಗುತ್ತಾನೆ. ಅವಳು ಕುಣಿದು ಕರೆದೊಯ್ಯುತ್ತಾಳೆ. ಹಾಗಾಗಿ ನಾನು ಒಲ್ಲೆ ಎನ್ನಲಾರೆ. ನನ್ನವನಾದರೆ ದೇವೀರಿ ಗೋಡೆಯಾಚೆ ಇದ್ದೂ ಅವನ ತಲೆ ಸವರುವಂತಿಲ್ಲ. ಅವನನ್ನು ಎದೆಗೆ ಒತ್ತಿಕೊಂಡಾಗಲೆಲ್ಲ ಇವನು ನನ್ನವನಾಗಲಿ ಎನ್ನಿಸುತ್ತಿತ್ತು. ಅವನಮ್ಮನ ಮುಖ ನೋಡಿದಾಗ ಆ ಆಸೆಯ ಮೇಲೆ ಅಸಹ್ಯವಾಗುತ್ತಿತ್ತು. ಎರಡೂ ನಿಜವೇ.

ಭಾರ ಇಳಿಸುವವರಿಗೆ ಹೇಳಿಕಳಿಸಿದೆವು. ನಮ್ಮಲ್ಲಿ ಅಂಥವರ ಬೀದಿಗಳೇ ನಾಲ್ಕಿವೆ: ಬೇರಿನ ಬೀದಿ, ಮೆಟ್ಟಿಲ ಬೀದಿ, ಮಾತಿನ ಬೀದಿ, ಜೊತೆಯ ಬೀದಿ. ನಾಲ್ಕಕ್ಕೂ ಎಣ್ಣೆ ಸೀಗೇಕಾಯಿ. ಒಂದು ಬೀದಿಯಿಂದ ಇನ್ನೊಂದಕ್ಕೆ ಹೆಣ್ಣು ಕೊಡುವುದಿಲ್ಲ, ಹಬ್ಬದ ಒಬ್ಬಟ್ಟೂ ಕೊಡುವುದಿಲ್ಲ.

ಮೊದಲು ಬೇರಿನ ಬೀದಿಯ ಮುದುಕರೊಬ್ಬರು ಬಂದರು. ಅವರಿಗೆ ಮಗುವಿನ ಕಡೆ ನೋಡುವ ಅಗತ್ಯವೇ ಕಾಣಲಿಲ್ಲ. ದೇವೀರಿಯನ್ನು ಮಲಗಿಸಿ, ತಲೆಯ ಹಿಂದೆ ಕೂತು, ನಿನ್ನಮ್ಮ ಹೇಗಿದ್ದಳು, ಚಿಕ್ಕಂದಿನಲ್ಲಿ ಕನಸಿನಲ್ಲಿ ಏನು ಕಾಣುತ್ತಿತ್ತು ಎಂದು ಕೆದಕಿದರು. ಎಷ್ಟೋ ದಿನಗಳ ಮೇಲೆ ಅವಳಿಗೆ ನೆನಪಾಯಿತು: ಹುಡುಗಿಯಾಗಿದ್ದಾಗ ನೀರಿನ ಕೊಡ ಒಡೆದು ಅಮ್ಮನಿಂದ ಏಟು ತಿಂದದ್ದು, ನಿನ್ನ ಕೈಗೆ ಏನು ಕೊಟ್ಟರೂ ಅಷ್ಟೇ ಎಂದು ಬೈಸಿಕೊಂಡದ್ದು. ಅವಳು ಅತ್ತಳು. ಮುದುಕರು "ಸಿಕ್ತು ಬೇರು!" ಎಂದು ತೊಡೆ ತಟ್ಟಿದರು. ಅತ್ತ ಮೇಲೆ ಅವಳ ಮುಖ ಹಗುರಾಯಿತು, ಮಗು ಹಗುರಾಗಲಿಲ್ಲ.

ಮೆಟ್ಟಿಲ ಬೀದಿಯ ಹೆಂಗಸಿಗೆ ಅಳುವವರನ್ನು ಕಂಡರೆ ಆಗದು. "ಹಿಂದಿಂದು ಹಿಂದಕ್ಕಾಯ್ತು, ಈಗೇನ್ ಎತ್ತಬಲ್ಲೆ ಹೇಳು" ಎಂದಳು. ಬಟ್ಟೆಯ ಗಂಟು ಎತ್ತಿಸಿದಳು, ಕುಂಬಳಕಾಯಿ ಎತ್ತಿಸಿದಳು, ಎತ್ತಿದಾಗೆಲ್ಲ ಬಾಯಿಗೆ ಒಂದು ಚೂರು ಬೆಲ್ಲ. ಕಡೆಗೆ ಪಕ್ಕದ ಬೀದಿಯಿಂದ ಒಂದು ಮಗುವನ್ನೇ ತರಿಸಿದಳು; ದೇವೀರಿ ಅದನ್ನು ಸಲೀಸಾಗಿ ಎತ್ತಿ ಆಡಿಸಿದಳು. ಚೆಲುವನ ಕೆಳಗೆ ಕೈ ಹಾಕಿದಳು. ಇಲ್ಲ.

ಮಾತಿನ ಬೀದಿಯ ಹುರುಪಿನ ಮನುಷ್ಯ, "ಬಗ್ಗಿದಾಗ ನಿನ್ನೊಳಗೆ ನೀನು ಏನಂದ್ಕತೀಯವ್ವ?" ಎಂದು ಕೇಳಿದ.

"ಬುಟ್ಬುಡ್ತೀನಿ ಅಂತ. ಕೈಯಿಂದ ಜಾರಿಸ್ಬುಡ್ತೀನಿ ಅಂತ."

"ಎಂದಾದ್ರೂ ಜಾರಿಸಿದ್ದೀಯಾ?"

"ಎತ್ತೇ ಇಲ್ವಲ್ಲ ಸ್ವಾಮಿ."

ಅವನು ಸಾಕ್ಷಿ ಕೇಳಿದ, ಅವಳು ಕೊಟ್ಟಳು. ಅವನು ಎದುರು ಸಾಕ್ಷಿ ಹೇಳಿದ, ಅವಳು ಅದನ್ನೂ ಕತ್ತರಿಸಿದಳು. ವಾದದಲ್ಲಿ ದೇವೀರಿಯೇ ಗೆದ್ದದ್ದು. ಜೊತೆಯ ಬೀದಿಯಿಂದ ಬಂದವನು ಏನೂ ಕೇಳಲಿಲ್ಲ. ಗೋಡೆಗೊರಗಿ ಕೂತ, ಚೆನ್ನಾಗಿ ಉಂಡ, ಮತ್ತೆ ಬಂದು ಕೂತ. ನಾನು ಇವನೆಂಥ ದಂಡಪಿಂಡ ಎಂದುಕೊಂಡಿದ್ದೆ. ಆದರೆ ಅವಳು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. "ನಾನು ಇವ್ನ ತಾಯೇ ಅಲ್ಲ ಅನ್ಸುತ್ತೆ. ಯಾರ್ದೋ ಮಗೀನ ಪಕ್ಕ ಮಲಗಿದ್ದೀನಿ ಅನ್ಸುತ್ತೆ" ಎಂದಳು. ಅವನು ಹ್ಞೂಂಗುಟ್ಟಿದ, ಕಣ್ಣೊರೆಸಿಕೊಂಡ. ನಾಲ್ವರೂ ಹೋಗುವಾಗ ಉಳಿದ ಮೂವರು ಕೆಡಿಸಿದರು ಎಂದು ಹೇಳಿಯೇ ಹೋದರು.

ಆ ಹೊತ್ತಿಗೆ ಎಣ್ಣೆ ಗಾಣದ ಮೇಲಿನ ಕೋಣೆಯಲ್ಲಿ ಒಂದು ತರಗತಿ ಶುರುವಾಗಿತ್ತು. ನಡೆಸುತ್ತಿದ್ದವರು ವೈಜಯಂತಿ ಮೇಡಂ. ಅವರ ಅಪ್ಪ ಬೇರಿನ ಬೀದಿ, ಅಮ್ಮ ಮೆಟ್ಟಿಲ ಬೀದಿ. ಇಬ್ಬರೂ ಓಡಿಹೋಗಿ ಮದುವೆಯಾಗಿದ್ದರು. ಮನೆಯಲ್ಲಿ ಮೇಡಂ ಬಿದ್ದು ಮೊಣಕಾಲು ತರಚಿಕೊಂಡರೆ ಅಪ್ಪ ಯಾಕೆ ಬಿದ್ದೆ ಎಂದು ಕೂರಿಸಿಕೊಂಡು ಕೇಳುತ್ತಿದ್ದರಂತೆ, ಅಮ್ಮ ಎದ್ದು ಮತ್ತೆ ಓಡು ಎನ್ನುತ್ತಿದ್ದರಂತೆ. ಹೀಗೆ ಬೆಳೆದವರಿಗೆ ಯಾವ ಬೀದಿಯೂ ಪೂರ್ತಿ ಸರಿ ಎನಿಸುವುದಿಲ್ಲ, ಯಾವುದೂ ಪೂರ್ತಿ ತಪ್ಪೂ ಎನಿಸುವುದಿಲ್ಲ. ಊರಿನಲ್ಲಿ ಮೊದಲ ಸಲ ನಾಲ್ಕೂ ಬೀದಿಯ ಪಾಠವನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಹೇಳುತ್ತಿದ್ದರು. ಓದು ಬರುವವರು ಬಾರದವರು ಯಾರು ಬೇಕಾದರೂ ಹೋಗಬಹುದು. ನಾನು ಹೋದೆ. ಈ ವಯಸ್ಸಿನಲ್ಲಿ ಪಾಠವೇ ಎಂದು ಮಲ್ಲವ್ವ ನಕ್ಕಳು. ನಿನ್ನ ವಯಸ್ಸಿನಲ್ಲಿ ಮಲ್ಲಿಗೆ ಮುಡಿಯುವುದಕ್ಕಿಂತ ವಾಸಿ ಎಂದೆ.

ಒಂದು ದಿನ ಮೇಡಂ ಹೇಳಿದರು: "ಬೇರಿನವರು ಕೇಳೋದು, ಯಾವತ್ತಿನಿಂದ? ಮೆಟ್ಟಿಲವರು ಕೇಳೋದು, ಈಗ ಎಷ್ಟು ಆಗುತ್ತೆ? ಮಾತಿನವರು, ಒಳಗೆ ಏನು ಹೇಳ್ಕೊಳ್ತೀಯ? ಜೊತೆಯವರು ಕೇಳಲ್ಲ, ಕೇಳಿಸಿಕೊಳ್ತಾರೆ. ಎಲ್ಲಾ ಸರಿಯೇ. ಆದರೆ ಎಲ್ಲರೂ ಭಾರ ಹಿಡಿದವರನ್ನೇ ನೋಡ್ತಿದ್ದಾರೆ. ಸುತ್ತ ಇರೋ ನಾವು ಏನು ಮಾಡ್ತೀವಿ ಅಂತ ಯಾರೂ ನೋಡಿಲ್ಲ. ನಾವೇನು ಮಾಡ್ತೀವಿ?"

"ಎತ್ತಿಕೊಡ್ತೀವಿ" ಎಂದೆವು, ಎಲ್ಲರೂ ಒಟ್ಟಿಗೆ, ಹೆಮ್ಮೆಯಿಂದ.

"ಎತ್ತಿಕೊಟ್ಟು ಎತ್ತಿಕೊಟ್ಟು ಯಾರಿಗಾದರೂ ಭಾರ ಇಳಿದದ್ದನ್ನ ನೋಡಿದ್ದೀರಾ?"

ನಾನು ಕೆಂಪಮ್ಮ, ಮರಿಯಪ್ಪ, ಮೇಷ್ಟ್ರು ಎಂದು ಬೆರಳು ಮಡಿಸುತ್ತ ಹೋದೆ, ಒಬ್ಬರೂ ಸಿಗಲಿಲ್ಲ. ಆಮೇಲೆ ಅವರು ತೊರೆಯಾಚೆ ಒಂಟಿಯಾಗಿರುವ ಕುರಿ ಕಾಯುವ ಈರಬಸವನ ಕತೆ ಹೇಳಿದರು. ಅವನ ಕಂಬಳಿ ಭಾರ ಹಿಡಿದಾಗ ಕೂಗಿದರೆ ಕೇಳಲು ಯಾರೂ ಇರಲಿಲ್ಲ. ಚಳಿ ತಡೆಯಲಾರದೆ ಮೊದಲು ಅದರ ಅಂಚಿನೊಳಗೆ ಕಾಲು ತೂರಿಸಿದನಂತೆ, ಆಮೇಲೆ ತಾನೇ ಅದರಡಿ ನುಸುಳಿದನಂತೆ, ಆಮೇಲೆ ಒಂದು ಮೂಲೆ ಹಿಡಿದೆಳೆದನಂತೆ. ಮಾಗಿ ಮುಗಿಯುವಷ್ಟರಲ್ಲಿ ಅದನ್ನು ಹೊದ್ದು ಓಡಾಡುತ್ತಿದ್ದ. "ನಾವು ಪ್ರತಿ ಸಲ ಎತ್ತಿಕೊಟ್ಟಾಗಲೂ ಅವರ ಕೈಗೆ ಒಂದು ಮಾತು ಹೇಳಿದ ಹಾಗೆ. ನಿನ್ನಿಂದ ಆಗಲ್ಲ ಅಂತ. ಕೈ ಅದನ್ನ ನಂಬುತ್ತೆ."

ಕೋಣೆಯಲ್ಲಿ ಗದ್ದಲವೆದ್ದಿತು. ಎಲ್ಲರಿಗಿಂತ ಮೊದಲು ಎದ್ದವಳು ನಾನು. "ಹಂಗಾದ್ರೆ ನಾವ್ ಮಾಡ್ಕಂಡು ಬಂದದ್ದೆಲ್ಲ ಪಾಪವಾ ಮೇಡಂ? ಮಗ ಅಳ್ತಾ ಬಿದ್ದಿರ್ಲಿ, ನಾವ್ ಕೈ ಕಟ್ಟಿ ನಿಂತ್ಕಳಾದಾ? ಇದೇನಾ ನಿಮ್ ವಿದ್ಯೆ?"

ಅವರಿಗೆ ಕೋಪ ಬರಲಿಲ್ಲ. "ಎತ್ತಬೇಡಿ ಅಂದೆ ಪುಟ್ಟೀರಮ್ಮನೋರೆ. ಕೈ ಬಿಡಿ ಅನ್ನಲಿಲ್ಲ" ಎಂದರು.

ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ನನ್ನ ತೋಳುಗಳು ಒಳ್ಳೆಯ ಕೆಲಸ ಮಾಡುತ್ತಿವೆ ಎಂದುಕೊಂಡಿದ್ದವಳಿಗೆ, ಅವೇ ದೇವೀರಿಯ ತೋಳುಗಳನ್ನು ಕಟ್ಟಿಹಾಕಿವೆ ಎಂದರೆ ಹೇಗಿರಬೇಡ? ಮನೆ ಹತ್ತಿರ ಬಂದಾಗ ಚೆಲುವ ಅಳುತ್ತಿದ್ದ. ಕಾಲು ತಾನಾಗಿ ಓಡಿತು. ನಡುಬಾಗಿಲಿನಲ್ಲಿ ನಿಂತು ನೋಡಿದೆ: ದೇವೀರಿ ಮಗುವಿನ ಕಡೆ ನೋಡುತ್ತಿರಲಿಲ್ಲ, ನಾನು ಬರುವ ಬಾಗಿಲಿನ ಕಡೆ ನೋಡುತ್ತಿದ್ದಳು. ಅಷ್ಟು ತಿಂಗಳಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅಂದು ಎತ್ತಿಕೊಂಡೆ. ಎತ್ತಿಕೊಂಡೇ ಅವಳಿಗೆ ಎಲ್ಲ ಹೇಳಿದೆ.

"ನೀವೂ ಬುಟ್ಬುಟ್ರೆ ಅವನ ಗತಿಯೇನತ್ತಿಗೆ?" ಎಂದಳು.

"ನಾನೆಲ್ಲೂ ಹೋಗಾಕಿಲ್ಲ. ನಿನ್ ಬೆನ್ನಿಗೇ ಕೂತಿರ್ತೀನಿ. ಎತ್ತಾಕಿಲ್ಲ, ಅಷ್ಟೇಯ."

ಮರುದಿನದಿಂದ ಬೆಳಗಿನ ಗಂಜಿಯಾದ ಮೇಲೆ ಮಧ್ಯಾಹ್ನದ ಊಟದ ತನಕ ಯಾರೂ ಅವನನ್ನು ಎತ್ತುವುದಿಲ್ಲ ಎಂದು ಮಾತಾಯಿತು. ಎತ್ತುವವರಿಲ್ಲದ ಮೇಲೆ ಮನೆಯೇ ನೆಲಕ್ಕಿಳಿಯಬೇಕಾಯಿತು. ತೊಟ್ಟಿಲು ಬಿಚ್ಚಿದೆವು, ಚಾಪೆ ಹಾಸಿದೆವು, ದೇವೀರಿಯ ತರಕಾರಿ, ಮೊರ, ತಟ್ಟೆ ಎಲ್ಲ ಕೆಳಗೆ ಬಂದವು. ಅವಳು ಚಾಪೆಯ ಮೇಲೆ ಕೂರುತ್ತಿದ್ದಳು. ಬಹಳ ಹೊತ್ತು ಕೂತು ಬೆನ್ನು ನೋಯುತ್ತದಲ್ಲ, ನಾನು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಮೊದಲ ದಿನ ಅವನು ಅತ್ತದ್ದು ಇಡೀ ಬೀದಿಗೆ ಕೇಳಿತು. ಮಲ್ಲವ್ವ ಹೂವಿನ ಬುಟ್ಟಿ ಚೆಲ್ಲಿ ಓಡಿ ಬಂದಳು. ನಾನು ಅವಳ ಸೆರಗು ಹಿಡಿದು ಕೂರಿಸಿದೆ. "ಎಂಥ ಕಟುಕಿಯೇ ನೀನು" ಎಂದು ಬೈದು, ತನ್ನೆರಡೂ ಕೈಗಳ ಮೇಲೆ ತಾನೇ ಕೂತು, ಅವನಿಗಿಂತ ಜೋರಾಗಿ ಅತ್ತಳು. ಅವಳ ಅಳು ನೋಡಿ ಅವನು ಅಳು ನಿಲ್ಲಿಸಿದ.

ದೇವೀರಿ ಮೊದಲು ಅವನ ಕೈ ಎತ್ತಿದಳು. ಬರೀ ಅಂಗೈ. ಅದೇ ಭಾರ, ಕಬ್ಬಿಣದ ಬೀಗದ ಹಾಗೆ ಎಂದಳು. ಆಮೇಲೆ ಒಂದು ಹಿಮ್ಮಡಿ. ಭಯವಾದಾಗ ಕೊಡ ಒಡೆದ ಹುಡುಗಿಯ ನೆನಪು ಬರುತ್ತಿತ್ತು. "ಅದು ನೀರು, ಇವ್ನು ಚೆಲುವ" ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದಳು. ಬೇರಿನವರದೂ ಮಾತಿನವರದೂ ಹೀಗೆ ಒಂದೇ ಉಸಿರಿನಲ್ಲಿ ಕೆಲಸಕ್ಕೆ ಬಂತು. ಮೇಡಂ ನಾಲ್ವರನ್ನೂ ಒಂದೇ ದಿನ ನಮ್ಮ ಮನೆಗೆ ಕರೆತಂದರು. ಮುದುಕರೂ ಮೆಟ್ಟಿಲ ಬೀದಿಯ ಹೆಂಗಸೂ ಒಂದೇ ಚಾಪೆಯಲ್ಲಿ ಮುಖ ಆ ಕಡೆ ಈ ಕಡೆ ತಿರುಗಿಸಿಕೊಂಡು ಕೂತು, ನಾನು ಕೊಟ್ಟ ಕಡಲೆಪುರಿಯನ್ನು ಒಂದೇ ತಟ್ಟೆಯಿಂದ ತಿಂದರು. ಹಸಿವಿಗೆ ಬೀದಿ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಚೆಲುವ ಅಂಬೆಗಾಲಿಡಲು ಕಲಿತಿದ್ದ. ಎತ್ತುವವರಿಲ್ಲದ ಹೊತ್ತಿನಲ್ಲಿ ಅವನಿಗೂ ಬೇರೆ ದಾರಿಯಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮನ ಸೀರೆ ಹಿಡಿದು, ಮೊಣಕಾಲು ಹತ್ತಿ, ತಾನೇ ಅವಳ ಮಡಿಲಿಗೆ ಬಂದು ಬಿದ್ದ. ದೇವೀರಿ ಕಿರುಚಿದಳು. ನಾನು ತಿರುಗಿ ಎತ್ತಲು ಕೈ ಚಾಚಿಯೇಬಿಟ್ಟಿದ್ದೆ. "ಬೇಡಿ ಅತ್ತಿಗೆ, ಇರ್ಲಿ" ಎಂದಳು. ಉಸಿರು ಸಿಕ್ಕಿಕೊಂಡಂತೆ ಇನ್ನೊಮ್ಮೆ ಎಂದಳು. "ಬೀಸೋಕಲ್ಲು ಮಡ್ಲಲ್ಲಿ ಕೂತಂಗೈತೆ." ಆಮೇಲೆ ನಕ್ಕಳು. ಹೆರಿಗೆಯಾದಮೇಲೆ ಅವಳು ನಕ್ಕದ್ದನ್ನು ನಾನು ಆಗಲೇ ಕೇಳಿದ್ದು. ತೊಡೆ ಜೋಮು ಹಿಡಿಯುವ ತನಕ ಅವನನ್ನು ಇಳಿಯಲು ಬಿಡಲಿಲ್ಲ.

ಆದರೆ ಭಾರ ಕಡಿಮೆಯಾಗಲಿಲ್ಲ. ದಿನವೂ ಯಾರಾದರೊಬ್ಬರು ಬಂದು "ಹಗುರಾದ್ನಾ?" ಎಂದು ಕೇಳುತ್ತಿದ್ದರು, ಅವಳು ತಲೆಯಲ್ಲಾಡಿಸುತ್ತಿದ್ದಳು. ಬೋರೇಶ ಗಿರಣಿಯಿಂದ ಬಂದವನು ಮೊದಲು ಇದನ್ನೇ ಕೇಳುತ್ತಿದ್ದ, ಉತ್ತರ ಕೇಳಿ ಹಿಟ್ಟು ಕೊಡವದೆ ಹಾಗೇ ಕೂರುತ್ತಿದ್ದ. ಮೇಡಂ ಕೂಡ ಕೊನೆಕೊನೆಗೆ ಕೈ ಹಿಸುಕಿಕೊಳ್ಳತೊಡಗಿದರು. ಬೇವು ಚಿಗುರಿತು. ಚಾಪೆಯಿಂದ ಒಂದು ಬೆರಳಿನಷ್ಟು ಮೇಲೆ ಅವನನ್ನು ಎತ್ತಿ ಇಳಿಸುವಲ್ಲಿಗೆ ಅವಳ ಕೈ ಬಂದು ನಿಂತಿತ್ತು.

ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನ ಮಾಡಿಸಿ, ಹೊಸ ಅಂಗಿ ತೊಡಿಸಿ ನಾನೇ ಅವನನ್ನು ಚಾವಡಿಗೆ ಹೊತ್ತುಕೊಂಡು ಹೋದೆ. ಊರೆಲ್ಲ ಸೇರಿತ್ತು. ಒಂದು ಪೊರಕೆ, ಒಂದು ಟ್ರಂಕು, ಯಾರದೋ ಹಾರ್ಮೋನಿಯಂ ಎಲ್ಲ ಪಾಲಾಗಿ ಹೋದವು. ಆಮೇಲೆ ಗುರುಪಾದಪ್ಪನವರು ಮಣೆ ಹಾಕಿಸಿ, ಮೇಲೆ ಮಡಿಸಿದ ಕಂಬಳಿ ಹಾಸಿಸಿ, ಚೆಲುವನನ್ನು ಕೂರಿಸಿದರು. ಅವನು ಮಾವಿನೆಲೆಯೊಂದನ್ನು ಕಚ್ಚುತ್ತ ಎಲ್ಲರನ್ನೂ ನೋಡಿದ. ಕಟ್ಟಳೆಯಂತೆ ಸ್ವಂತದವರಿಗೆ ಮೊದಲ ಸರದಿ. ಅವರಿಂದಾಗದಿದ್ದರೆ ಎತ್ತಿದವರು ಬಂದು ಎತ್ತಿಕೊಂಡು ಹೋಗಬೇಕು. ನಾನು ಎದುರಿಗೇ ನಿಂತಿದ್ದೆ.

ದೇವೀರಿ ಮಣೆಯ ಮುಂದೆ ಮೊಣಕಾಲೂರಿ ಕೂತಳು. ಅವನ ಕಂಕುಳಿಗೆ ಕೈ ಕೊಟ್ಟಳು. ಒಂದು ಬೆರಳಿನಷ್ಟು ಎದ್ದ, ಕೂತ. ಜನರಲ್ಲಿ ಯಾರೋ ಅಯ್ಯೋ ಎಂದರು. ಅವಳು ಮೇಲೆ ನೋಡದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅತ್ತಿಗೆ, ಕೈ ಕೊಡಿ."

ಊರಿಗೆಲ್ಲ ಗೊತ್ತಿರುವ ಕೂಗು ಅದು. ಮಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುಪಾದಪ್ಪನವರು ನನ್ನ ಕಡೆ ಕೈ ತೋರಿಸಿ, "ನೋಡವ್ವ ಪುಟ್ಟೀರಿ, ನೀನು ಎತ್ತಿದ್ರೆ ಪಾಲು ನಿಂದೇ. ಆಮೇಲೆ ಮಾತಿಲ್ಲ" ಎಂದರು. ನಾನು ಹೋದೆ. ಅವನು ನನ್ನನ್ನು ಕಂಡು ಮಾವಿನೆಲೆ ಬಿಸಾಡಿ ಎರಡೂ ಕೈ ಚಾಚಿದ. ಬಗ್ಗಿದರೆ ಸಾಕಿತ್ತು. ಆ ಗಳಿಗೆ ನಾನು ದೇವರನ್ನೂ ಬೈದೆ, ಮೇಡಮ್ಮನ್ನೂ ಬೈದೆ. ಆಮೇಲೆ ಅವನನ್ನು ದಾಟಿ, ದೇವೀರಿಯ ಹಿಂದೆ ಹೋಗಿ, ಹಬ್ಬದ ಸೀರೆಯಲ್ಲೇ ಮಣ್ಣಿನ ಮೇಲೆ ಕೂತು, ಅವಳ ಬೆನ್ನಿಗೆ ನನ್ನ ಬೆನ್ನು ಕೊಟ್ಟೆ.

ಹಾಗಾಗಿ ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ. ನನ್ನ ಮುಖ ಜನರ ಕಡೆಗಿತ್ತು. ಮೊದಲು ಅವಳ ಬೆನ್ನು ನನ್ನ ಬೆನ್ನಿಗೆ ಒತ್ತಿಕೊಂಡಿತು. ಆಮೇಲೆ ಒಂದು ಭಾರ ಬಂತು. ಅವಳ ಮೈಯಿಂದ ಹಾದು ನನ್ನೊಳಕ್ಕೆ ಇಳಿಯಿತು, ನನ್ನ ಹಿಮ್ಮಡಿ ಮಣ್ಣಿನಲ್ಲಿ ಜಾರಿತು, ನಾನು ಹಲ್ಲು ಕಚ್ಚಿ ಕಾಲೂರಿದೆ. ಹೂವಿನಂತೆ ಬರುತ್ತಿದ್ದ ನನ್ನ ಚೆಲುವ ಅವಳಿಗೆ ಹೀಗಿದ್ದನೇ? ಇಷ್ಟು ದಿನ ಇವಳು ಇದರ ಪಕ್ಕದಲ್ಲಿ ಮಲಗಿ ಹಾಡುತ್ತಿದ್ದಳೇ? ನನಗೆ ಅಳು ಬಂತು, ಅಳುತ್ತಲೇ ಒತ್ತಿದೆ. ಎದುರಿಗೆ ಬೇರಿನ ಬೀದಿಯ ಮುದುಕರು ತೊಡೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಹಿಡಿದಿದ್ದರು. ಮೆಟ್ಟಿಲ ಬೀದಿಯ ಹೆಂಗಸು ಬಾಯಲ್ಲೇ ಹ್ಞಾ, ಹ್ಞಾ ಎನ್ನುತ್ತಿದ್ದಳು. ಜನರ ನಡುವೆ ಬೋರೇಶನಿದ್ದ, ಹಬ್ಬದ ದಿನವೂ ಕಿವಿಯ ಹಿಂದೆ ಹಿಟ್ಟು. ಅವನ ಕಣ್ಣು ಮೊದಲು ಮಣೆಯ ಮೇಲಿತ್ತು. ನಿಧಾನವಾಗಿ ಅದು ಮೇಲೆ ಬಂತು. ಇನ್ನೂ ಮೇಲೆ ಬಂತು. ಆಮೇಲೆ ಅವನು ಮುಖ ಮುಚ್ಚಿಕೊಂಡ.

ತಿರುಗಿ ನೋಡಿದೆ. ದೇವೀರಿಯ ತೋಳುಗಳು ಗಡಗಡ ನಡುಗುತ್ತಿದ್ದವು, ಕತ್ತಿನ ನರ ಉಬ್ಬಿತ್ತು. ಚೆಲುವ ಅವಳ ಎದೆಯ ಮೇಲಿದ್ದ. ಇದೇನು ಹೊಸ ಜಾಗ ಎಂಬಂತೆ ಅವಳ ಮೂಗುಬೊಟ್ಟು ಹಿಡಿದು ಎಳೆಯುತ್ತಿದ್ದ.

ಗುರುಪಾದಪ್ಪನವರು ಮಣೆಯ ಹತ್ತಿರ ಬಂದು ಬಗ್ಗಿದರು. "ಹಗುರಾದ್ನೇನವ್ವ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಯಜಮಾನ್ರೆ. ಅಷ್ಟೇ ಭಾರ ಅವ್ನೆ."

"ಮತ್ತೆ?"

"ಭಾರ ಇಳೀಲಿ, ಆಮೇಲೆ ಎತ್ತುವಾ ಅಂತ ಕಾಯ್ತಾ ಇದ್ದೆ. ಅದು ಇಳೀನಿಲ್ಲ. ಹಂಗೇ ಎತ್ಕಂಡೆ."

ಕಟ್ಟಳೆಯಲ್ಲಿ ಎತ್ತಬೇಕು ಎಂದಿದೆ, ಹಗುರಾಗಬೇಕು ಎಂದಿಲ್ಲ. ಯಜಮಾನರು ಅದನ್ನು ಎರಡು ಸಲ ಯೋಚಿಸಿ, ಕೋಲು ನೆಲಕ್ಕೆ ಕುಟ್ಟಿ, "ತಾಯಿ ಪಾಲು" ಎಂದರು. ನಾಲ್ಕೂ ಬೀದಿಯವರು ಒಟ್ಟಿಗೆ ಬಾಯಿ ತೆರೆದರು. ಅದು ತಮ್ಮದೇ ಗೆಲುವು ಎಂದು ಶುರುವಾದ ಅವರ ಜಗಳ ಮಧ್ಯಾಹ್ನದ ಒಬ್ಬಟ್ಟಿನ ತನಕ ನಡೆಯಿತಂತೆ. ಮರಿಯಪ್ಪ ಮಾತ್ರ ಹಾಲಿನ ಕರಿಗೌಡನ ಹತ್ತಿರ ಹೋಗಿ, ಸೈಕಲ್ಲಿನ ಗಂಟೆಯನ್ನಾದರೂ ಒಮ್ಮೆ ಮುಟ್ಟಿ ನೋಡಬಹುದೇ ಎಂದು ಕೇಳುತ್ತಿದ್ದದ್ದನ್ನು ನಾನೇ ಕಂಡೆ. ಕರಿಗೌಡ ಯಜಮಾನರ ಕಡೆ ನೋಡಿದ. ಯಜಮಾನರು ಬೇರೆ ಕಡೆ ನೋಡಿದರು.

ನಾವು ಮನೆಗೆ ಹೊರಟೆವು. ದೇವೀರಿ ಮುಂದೆ, ಒಂದೊಂದೇ ಹೆಜ್ಜೆ ಅಳೆದು ಇಡುತ್ತ. ಬೋರೇಶ ಪಕ್ಕದಲ್ಲಿ ಕೈ ಚಾಚುವುದು, ಹಿಂದಕ್ಕೆ ತೆಗೆಯುವುದು, ಮತ್ತೆ ಚಾಚುವುದು. ನಾನು ಹಿಂದೆ. ಕೈ ಬೀಸಿಕೊಂಡು ನಡೆದು ನನಗೆ ಅಭ್ಯಾಸ ತಪ್ಪಿತ್ತು. ಏನು ಮಾಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡೆ. ಸಂತೋಷವೇ ಆಗಿತ್ತು, ಸುಳ್ಳಲ್ಲ. ಆದರೂ ಆ ತೋಳುಗಳು ನನ್ನವಲ್ಲದಂತೆ ಜೋತಾಡುತ್ತಿದ್ದವು.

ಮಲ್ಲವ್ವನ ಜಗಲಿಯ ಹತ್ತಿರ ಬರುವಷ್ಟರಲ್ಲಿ ದೇವೀರಿಯ ಬೆವರು ಕತ್ತಿನಿಂದಿಳಿಯುತ್ತಿತ್ತು. ನಿಂತಳು. ಮಗುವನ್ನು ಕೆಳಗಿಡಲಿಲ್ಲ, ಯಾರನ್ನೂ ಕೂಗಲೂ ಇಲ್ಲ. ಹಿಂದಕ್ಕೆ ತಿರುಗಿ ನನ್ನನ್ನು ಹುಡುಕಿದಳು.

"ಕೈ ಸೋತೋಯ್ತು ಅತ್ತಿಗೆ. ಸ್ವಲ್ಪ ಹಿಡ್ಕಳಿ" ಎಂದು ಅವನನ್ನು ನನ್ನ ಕೈಗೆ ಇಟ್ಟಳು.

ಅಷ್ಟು ತಿಂಗಳು ನಾನು ಅವನನ್ನು ಚಾಪೆಯಿಂದ, ತೊಟ್ಟಿಲಿನಿಂದ, ನೆಲದಿಂದ ಎತ್ತಿಕೊಂಡಿದ್ದೆ. ಯಾರೂ ಕೊಟ್ಟಿರಲಿಲ್ಲ. ಅವನ ಅಂಗಿ ಅವಳ ಬೆವರಿಗೆ ಒದ್ದೆಯಾಗಿತ್ತು. ನಾನು ಅವನ ನೆತ್ತಿ ಮೂಸಿದೆ. ದೇವೀರಿ ಜಗಲಿಗೆ ಒರಗಿ ತೋಳುಗಳನ್ನು ಉಜ್ಜಿಕೊಂಡಳು, ಬೆರಳು ಮಡಿಸಿ ಬಿಚ್ಚಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೊಡಿ" ಎಂದಳು.

ಕೊಟ್ಟೆ.